ಹುಣಿ ಕಡಿದ ಗದ್ದೆಯಲ್ಲಿ ಎರಡು ದಿನ

ಶನಿವಾರ ಬೆಳಿಗ್ಗೆ ಕಾಸರಗೋಡಿನಲ್ಲಿ ರೈಲು ಇಳಿದಾಗ ಭಾವ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿಂತಿದ್ದರು. ಎರಡು ಕೈಯಲ್ಲೂ ಹುರಿಹಗ್ಗದ ದೊಡ್ಡ ಸುರುಳಿಗಳು. "ಬನ್ನಿ ಭಾವ, ಪೇಟೆಯಲ್ಲಿ ಹಗ್ಗ ಕೊಳ್ಳುವುದಿತ್ತು, ಹಾಗೆಯೇ ನಿಮ್ಮನ್ನೂ ಕರೆದುಕೊಂಡು ಹೋಗುವ ಎಂದು ಬೇಗ ಹೊರಟೆ" ಎಂದು ಒಂದು ಸುರುಳಿಯನ್ನು ನನ್ನ ಹೆಗಲಿಗೆ ಹಾಕಿಯೇಬಿಟ್ಟರು. ಫೆಬ್ರವರಿಯ ಬಿಸಿಲು ಆಗಲೇ ಏರುತ್ತಿತ್ತು. ಬೆಂಗಳೂರಿನಿಂದ ರಾತ್ರಿಯಿಡೀ ಕುಳಿತು ಬಂದ ಬೆನ್ನು ಆ ಹಗ್ಗದ ಭಾರಕ್ಕೆ ನೆಟ್ಟಗಾಯಿತು.

ಅವರು ನನ್ನ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ. ಹಾಗಾಗಿ ಮೂವತ್ತು ವರ್ಷಗಳಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ. ಊರಿಗೆ ಅವರು ಮಾಸ್ಟ್ರು. ಕನ್ನಡ ಶಾಲೆಯಲ್ಲಿ ಓದಿದವರು 'ಮಾಸ್ಟ್ರೇ' ಎನ್ನುತ್ತಾರೆ, ಮಲಯಾಳಂ ಮನೆಯ ಹುಡುಗರು 'ಮಾಷೇ' ಎನ್ನುತ್ತಾರೆ, ಅವರು ಎರಡಕ್ಕೂ ತಿರುಗುತ್ತಾರೆ. ಒಂದು ಅನುದಾನಿತ ಶಾಲೆಯ ಕನ್ನಡ ವಿಭಾಗದಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಅದಕ್ಕೂ ಮೊದಲು ಈ ಸುತ್ತಿನ ಒಳ್ಳೆಯ ಗೋಲ್‌ಕೀಪರ್ ಆಗಿದ್ದರು. ಬಲಗೈಯ ಕಿರುಬೆರಳು ಇಂದಿಗೂ ಮಡಚುವುದಿಲ್ಲ. ಯಾವುದೋ ಪಂದ್ಯಾಟದಲ್ಲಿ ಚೆಂಡು ತಾಗಿ ಮುರಿದದ್ದನ್ನು ಪಂದ್ಯ ಮುಗಿಯುವ ತನಕ ಯಾರಿಗೂ ಹೇಳಲಿಲ್ಲವಂತೆ. ಚಹಾದ ಲೋಟ ಹಿಡಿದಾಗ ಆ ಬೆರಳು ಬೇರೆಯಾಗಿ ನೆಟ್ಟಗೆ ನಿಲ್ಲುತ್ತದೆ. ಚಿಕ್ಕವನಿದ್ದಾಗ ನಾನು ಅದನ್ನು ದೊಡ್ಡವರ ಗತ್ತು ಎಂದುಕೊಂಡಿದ್ದೆ.

ಈ ಸಲ ಫುಟ್‌ಬಾಲ್ ಪಂದ್ಯಾಟದ ಫೈನಲ್ ಮತ್ತು ಶಾಲೆಯ ವಾರ್ಷಿಕೋತ್ಸವ ಒಂದೇ ವಾರಾಂತ್ಯಕ್ಕೆ ಬಿದ್ದಿವೆ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಎರಡಕ್ಕೂ ಭಾವನೇ ಓಡಾಡುವುದು ಎಂಬುದನ್ನು ಅವಳು ಹೇಳಬೇಕಾಗಿರಲಿಲ್ಲ.

ಸ್ಕೂಟರಿನಲ್ಲಿ ಹೊರಟೆವು. ಮೊಗ್ರಾಲ್ ಪುತ್ತೂರು, ಹೊಳೆ, ಮೊಗ್ರಾಲ್. ಮೊಗ್ರಾಲ್ ಬಂದಾಗಲೆಲ್ಲ ಭಾವ ವೇಗ ತಗ್ಗಿಸುತ್ತಾರೆ. ಮಲಬಾರಿನ ಮುಸ್ಲಿಮರ ಮಾಪ್ಪಿಳ ಹಾಡಿಗೂ ಫುಟ್‌ಬಾಲಿಗೂ ಹೆಸರಾದ ಊರು ಅದು. ಅಲ್ಲಿ ಹುಟ್ಟಿದವನಿಗೆ ಒಂದೋ ಕೊರಳು ಇರುತ್ತದೆ, ಇಲ್ಲವೇ ಕಾಲು ಇರುತ್ತದೆ ಎಂದು ನಮ್ಮ ಬಾಲ್ಯದಲ್ಲಿ ಹೇಳುತ್ತಿದ್ದರು. ಜಿಲ್ಲೆಯ ದಕ್ಷಿಣದ ತುದಿಯ ತ್ರಿಕರಿಪುರವೂ ಅಂಥದ್ದೇ. 2003ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡ ಜಕಾರ್ತದಲ್ಲಿ ಆಸಿಯಾನ್ ಕ್ಲಬ್ ಕಪ್ ಗೆದ್ದಾಗ ಆ ತಂಡದ ರಕ್ಷಣೆಯಲ್ಲಿದ್ದ ಎಂ. ಸುರೇಶ್ ತ್ರಿಕರಿಪುರದವರು. 2016ರ ಇಂಡಿಯನ್ ಸೂಪರ್ ಲೀಗ್ ಫೈನಲಿನಲ್ಲಿ ಕೊಚ್ಚಿಯ ಜನಸಾಗರದ ಮುಂದೆ ಕೇರಳ ಬ್ಲಾಸ್ಟರ್ಸ್ ಪರವಾಗಿ ತಲೆಯಿಂದ ಗೋಲು ಹೊಡೆದ ಮೊಹಮ್ಮದ್ ರಾಫಿಯೂ ಅಲ್ಲಿಯವರೇ. ಆ ಪಂದ್ಯ ಪೆನಾಲ್ಟಿಯಲ್ಲಿ ಕೈತಪ್ಪಿತು. ಭಾವನಿಗೆ ಈಗಲೂ ನೆನಪಿರುವುದು ರಾಫಿ ಚೆಂಡಿಗೆ ಎದ್ದ ರೀತಿ. "ಹಾರಿದ್ದಲ್ಲ ಭಾವ, ಮೆಟ್ಟಿಲು ಹತ್ತಿದ ಹಾಗೆ ಹತ್ತಿದ" ಎಂದು ಸ್ಕೂಟರಿನ ಹ್ಯಾಂಡಲ್ ಬಿಟ್ಟು ಒಂದು ಕೈಯಲ್ಲಿ ತೋರಿಸಿದರು.

ಕುಂಬಳೆಯಲ್ಲಿ ಹೆದ್ದಾರಿ ಬಿಟ್ಟು ಬದಿಯಡ್ಕದ ರಸ್ತೆ ಹಿಡಿದರೆ ನೆಲದ ಬಣ್ಣವೇ ಬೇರೆ. ಮೇಲೆ ಪದವು ಎಂದು ಕರೆಯುವ ಮುರಕಲ್ಲಿನ ಗುಡ್ಡ, ಕೆಳಗೆ ತೋಟ, ತೋಟದ ಅಂಚಿನಲ್ಲಿ ಇನ್ನೂ ಉಳಿದ ಒಂದಿಷ್ಟು ಗದ್ದೆ. ಗುಡ್ಡದ ಬದಿಯನ್ನು ಅಡ್ಡಕ್ಕೆ ಕೊರೆದು ನೀರು ತರಿಸುವ ಸುರಂಗಗಳು ಈ ಕಡೆ ಇನ್ನೂ ಜೀವಂತವಾಗಿವೆ. ಪಂದ್ಯಾಟದ ಗದ್ದೆಗೆ ಚಿಮುಕಿಸುವ ನೀರು ಅಂಥದ್ದೊಂದು ಸುರಂಗದ್ದು, ಆಟಗಾರರು ಕುಡಿಯುವುದೂ ಅದನ್ನೇ.

ನಾವು ತಲುಪಿದಾಗ ಗ್ಯಾಲರಿಯ ಕೊನೆಯ ಸಾಲು ಕಟ್ಟುವುದು ಬಾಕಿಯಿತ್ತು. ಫಸಲು ನಿಂತ ಅಡಿಕೆ ಮರಗಳನ್ನು ಕಡಿದು ಕಂಬ ನಿಲ್ಲಿಸಿ, ಸೀಳಿದ ಮರಗಳನ್ನು ಅಡ್ಡಕ್ಕೆ ಮೆಟ್ಟಿಲಾಗಿ ಕಟ್ಟುತ್ತಾರೆ. ಒಂದು ಮೊಳೆಯೂ ಇಲ್ಲ. ಊರಿಡೀ 'ಇಚ್ಚ' ಎಂದು ಕರೆಯುವ ಹಿರಿಯರೊಬ್ಬರು ಬಕೆಟ್ಟಿನ ನೀರಿನಲ್ಲಿ ಹಗ್ಗ ನೆನೆಸುತ್ತಾ ಕುಳಿತಿದ್ದರು. ಒಣಹಗ್ಗ ಹಟಮಾರಿ, ನೆನೆದದ್ದು ಕೈ ಹೇಳಿದ ಹಾಗೆ ಕೇಳುತ್ತದೆ. ಅವರು ಕಂಬಕ್ಕೂ ಅಡ್ಡಮರಕ್ಕೂ ಓರೆಯಾಗಿ ಎರಡು ಸುತ್ತು ಹಾಕಿದರು, ಎದುರು ಓರೆಗೆ ಇನ್ನೆರಡು ಸುತ್ತು ಹಾಕಿದರು, ಕಾಲನ್ನು ಕಂಬಕ್ಕೆ ಒತ್ತಿ ಹಿಂದಕ್ಕೆ ವಾಲಿ ಎಳೆದರು. ಆಮೇಲೆ ಗಂಟಿನ ಮೇಲೆ ಮರದ ಕೊಡತಿಯಿಂದ ಎರಡು ಪೆಟ್ಟು. ಮತ್ತೆ ಎಳೆದಾಗ ಹಗ್ಗ ಒಂದು ಅಂಗುಲ ಬಂತು. ಇನ್ನೆರಡು ಪೆಟ್ಟು. ಮೂರನೆಯ ಸಲ ಎಳೆದಾಗ ಹಗ್ಗ ಬರಲಿಲ್ಲ, ನೀರು ಮಾತ್ರ ಹಿಂಡಿ ಅವರ ಮುಂಗೈಗೆ ಇಳಿಯಿತು. ಆಗಷ್ಟೇ ಅವರು ಗಂಟು ಬಿಗಿದು ಮುಂದಿನ ಕಂಬಕ್ಕೆ ಹೋದರು. ರಾತ್ರಿ ನೂರಾರು ಜನ ಒಟ್ಟಿಗೆ ಎದ್ದು ಕುಣಿಯುವುದು ಈ ಗಂಟುಗಳನ್ನು ನಂಬಿಕೊಂಡು.

ಅದು ಒಂದು ಗದ್ದೆಯಲ್ಲ, ಮೂರು. ಒಂದು ತುಳು ಮಾತಿನ ಮನೆಯವರದು, ಒಂದು ಇಚ್ಚನ ತಮ್ಮನದು, ಇನ್ನೊಂದು ಹವ್ಯಕರ ಮನೆಯದು. ಸುಗ್ಗಿ ಬೆಳೆಯ ಕೊಯ್ಲು ಮುಗಿದ ಮರುವಾರ ಕಮಿಟಿಯವರು ಹೋಗಿ ಕೇಳುತ್ತಾರೆ. ಒಪ್ಪಿಗೆ ಸಿಗುತ್ತದೆ ಎಂದು ಗೊತ್ತಿದ್ದರೂ ಮೂರೂ ಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ಕೇಳಿಯೇ ಬರಬೇಕು. ಆಮೇಲೆ ನಡುವಿನ ಎರಡು ಹುಣಿಗಳನ್ನು, ಎಂದರೆ ಬದುಗಳನ್ನು, ಕಡಿದು ಮಣ್ಣನ್ನು ಒಂದು ಬದಿಗೆ ರಾಶಿ ಹಾಕುತ್ತಾರೆ, ಕೂಳೆ ಕೆರೆಯುತ್ತಾರೆ, ನೀರು ಚಿಮುಕಿಸಿ ರೋಲರ್ ಎಳೆಯುತ್ತಾರೆ. ಪಂದ್ಯಾಟ ಮುಗಿದ ಮೇಲೆ ಅದೇ ಮಣ್ಣಿನಿಂದ ಹುಣಿಗಳನ್ನು ಮೊದಲಿದ್ದ ಜಾಗದಲ್ಲೇ ಕಟ್ಟಿಕೊಡುವುದು ಕಮಿಟಿಯ ಕೆಲಸ. ಭಾವ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ ಸುಣ್ಣದ ಪುಡಿಯ ಡಬ್ಬ ಹಿಡಿದರು, ನಾನು ಹಗ್ಗದ ಇನ್ನೊಂದು ತುದಿ ಹಿಡಿದೆ. ಪೆನಾಲ್ಟಿ ಚೌಕದ ಗೆರೆ ಎಳೆಯುವಾಗ ನನ್ನ ಪಾದದ ಕೆಳಗೆ ನೆಲ ಸ್ವಲ್ಪ ಮೆದುವಾಗಿತ್ತು. ಹಳೆಯ ಹುಣಿ ಅಲ್ಲಿ ಹಾದುಹೋಗಿತ್ತು.

ಸೆವೆನ್ಸ್ ಎಂದರೆ ಏಳು ಮಂದಿಯ ಆಟ. ಮಲಬಾರಿನಲ್ಲಿ ಅದು ದೊಡ್ಡ ಜಾತ್ರೆ: ಹೊನಲು ಬೆಳಕು, ಟಿಕೆಟ್ಟು, ಆಫ್ರಿಕದ ದೇಶಗಳಿಂದ ಬರುವ ಆಟಗಾರರು, ಮಳೆ ಬರುವ ತನಕ ರಾತ್ರಿ ರಾತ್ರಿಯೂ ಪಂದ್ಯ. ನಮ್ಮದು ಅಷ್ಟು ದೊಡ್ಡದಲ್ಲ. ಸುತ್ತಲಿನ ಊರುಗಳ ತಂಡಗಳು, ಹದಿನೈದು ನಿಮಿಷಗಳ ಎರಡು ಅರ್ಧ, ಗೋಲಿಗೆ ಮೀನುಗಾರರ ಹಳೆಯ ಬಲೆ. ಜೆರ್ಸಿಯ ಖರ್ಚು ಗಲ್ಫಿನಲ್ಲಿರುವ ಹುಡುಗರದು. ಅವರಿಗಾಗಿ ಒಬ್ಬ ಮೊಬೈಲನ್ನು ಬಿದಿರಿನ ಕೋಲಿಗೆ ಕಟ್ಟಿ ಇಡೀ ಪಂದ್ಯವನ್ನು ನೇರವಾಗಿ ತೋರಿಸುತ್ತಾನೆ. ಶಾರ್ಜಾದ ಒಂದು ಕೋಣೆಯಲ್ಲಿ ಹತ್ತು ಮಂದಿ ಅದೇ ಹೊತ್ತಿಗೆ ಕೂಗುತ್ತಿರುತ್ತಾರೆ. ಏಳು ಮಂದಿಯ ಆಟಕ್ಕೆ ಫುಟ್‌ಬಾಲ್ ಒಕ್ಕೂಟದ ಲೆಕ್ಕದಲ್ಲಿ ಜಾಗವಿಲ್ಲ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಹನ್ನೊಂದು ಮಂದಿಗೆ ಸಾಲುವ ಸಮತಟ್ಟು ನೆಲ ಈ ನಾಡಿನಲ್ಲಿ ಎಷ್ಟಿದೆ ಎಂದು ಒಮ್ಮೆ ನಡೆದು ನೋಡಬೇಕು.

ಸಂಜೆ ಏಳಕ್ಕೆ ದೀಪಗಳು ಹತ್ತಿದವು. ಉಪ್ಪಿನಲ್ಲಿಟ್ಟ ನೆಲ್ಲಿಕಾಯಿ, ಮಾವಿನಕಾಯಿ, ಅನಾನಸಿನ ಬಾಟಲಿಗಳು ಸಾಲಾಗಿ ಹೊಳೆಯುತ್ತಿದ್ದವು. ಚರುಮುರಿಯವನ ಡಬ್ಬದ ಸದ್ದು, ಹಾಲು ಹಾಕದ ಕಣ್ಣ ಚಾದ ಹಬೆ, ಪೆಟ್ರೋಮ್ಯಾಕ್ಸಿನ ಕಾಲದಿಂದಲೂ ಬದಲಾಗದ ನೆಲಕಡಲೆಯ ಕಾಗದದ ಪೊಟ್ಟಣ. ಅಕ್ಕ ನೆರೆಮನೆಯ ಹೆಂಗಸರ ಜೊತೆ ಬಂದು ಗ್ಯಾಲರಿಯ ಮೂರನೆಯ ಸಾಲಿನಲ್ಲಿ ಕುಳಿತಳು. ನಮ್ಮ ಬಾಲ್ಯದಲ್ಲಿ ಹೆಂಗಸರು ದೂರದ ತೆಂಗಿನ ಕಟ್ಟೆಯಿಂದ ನೋಡುತ್ತಿದ್ದರು. ಈಗ ಅವಳು ರೆಫ್ರಿಯ ತಪ್ಪನ್ನು ನನಗಿಂತ ಮೊದಲು ಹಿಡಿಯುತ್ತಾಳೆ.

ಮೈಕಿನಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ. ಒಳ್ಳೆಯ ಕಂಠ, ಒಳ್ಳೆಯ ಮಲಯಾಳಂ. ಚೆಂಡಿನಷ್ಟೇ ವೇಗವಾಗಿ ಮಾತು ಓಡಿಸುತ್ತಿದ್ದ. ನಡುವೆ ತುಳುವಿನಲ್ಲಿ ಒಂದೆರಡು ಚಟಾಕಿ. ಕನ್ನಡ ಮಾತ್ರ ಬರಲಿಲ್ಲ. ಹಿಂದಿನ ವರ್ಷಗಳಲ್ಲಿ ಪ್ರತಿ ಪ್ರಕಟಣೆಯೂ ಮೂರು ಭಾಷೆಯಲ್ಲಿ ಆಗುತ್ತಿತ್ತು ಎಂದು ನನಗೆ ನೆನಪಿತ್ತು. ಭಾವ ಗೋಲಿನ ಹಿಂದಿನ ತಮ್ಮ ಜಾಗದಿಂದ ಎದ್ದು ಮೈಕಿನ ಮೇಜಿನ ಕಡೆ ನಡೆದರು, ನಾನೂ ಹಿಂದೆಯೇ ಹೋದೆ.

"ಕನ್ನಡದಲ್ಲಿ ಯಾಕೆ ಹೇಳುತ್ತಿಲ್ಲ ಮಗ?" ಎಂದು ಕೇಳಿದರು.

ಹುಡುಗ ಮೈಕ್ ಮುಚ್ಚಿ ಎದ್ದು ನಿಂತ. "ಎಲ್ಲರಿಗೂ ಮಲಯಾಳಂ ಅರ್ಥವಾಗುತ್ತದೆ ಅಲ್ಲವಾ ಮಾಷೇ? ಮೂರು ಸಲ ಹೇಳಿದರೆ ಸಮಯ ಹೋಗುತ್ತದೆ." ಅವನ ದನಿಯಲ್ಲಿ ಅಗೌರವ ಚೂರೂ ಇರಲಿಲ್ಲ. ಅವನು ಹೇಳಿದ್ದು ನಿಜವೂ ಹೌದು.

"ಅರ್ಥವಾಗುವುದು ಬೇರೆ, ಕರೆಯುವುದು ಬೇರೆ" ಎಂದರು ಭಾವ. "ನಿನ್ನ ತಾಯಿ ನಿನ್ನನ್ನು ಇಂಗ್ಲಿಷಿನಲ್ಲಿ ಊಟಕ್ಕೆ ಕರೆದರೂ ನಿನಗೆ ಅರ್ಥವಾದೀತು."

ಹುಡುಗ ಸ್ವಲ್ಪ ಹೊತ್ತು ನೆಲ ನೋಡಿದ. "ನನಗೆ ಕನ್ನಡ ಮಾತಾಡಲು ಬರುತ್ತದೆ ಮಾಷೇ, ಮೈಕಿನಲ್ಲಿ ಹೇಳುವಷ್ಟು ಧೈರ್ಯವಿಲ್ಲ. ತಪ್ಪಾದರೆ ನಗುತ್ತಾರೆ." ಭಾವ ಅವನ ಪಕ್ಕದ ಕುರ್ಚಿ ಎಳೆದು ಕುಳಿತರು. ಅಲ್ಲಿಂದ ಮುಂದೆ ಅರ್ಧ ಗಂಟೆ ಹುಡುಗ ಮಲಯಾಳಂನಲ್ಲಿ ಹೇಳಿದ್ದನ್ನು ಇವರು ಒಂದು ಚೀಟಿಯಲ್ಲಿ ಎರಡು ಸಾಲು ಕನ್ನಡದಲ್ಲಿ ಬರೆದು ಮುಂದಿಟ್ಟರು. ಹುಡುಗನಿಗೆ ಕನ್ನಡ ಲಿಪಿ ಬಾರದು ಎಂದು ಗೊತ್ತಾದ ಮೇಲೆ ಅದೇ ಕನ್ನಡವನ್ನು ಮಲಯಾಳಂ ಲಿಪಿಯಲ್ಲಿ ಬರೆದುಕೊಟ್ಟರು. ನಿವೃತ್ತ ಕನ್ನಡ ಮಾಸ್ಟರೊಬ್ಬರು ಗದ್ದೆಯ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು 'ಕೆಂಪು ಬಣ್ಣದ ಬೈಕಿನ ಮಾಲೀಕರು ದಯವಿಟ್ಟು ವಾಹನವನ್ನು ದಾರಿಯಿಂದ ಸರಿಸಬೇಕು' ಎಂಬುದನ್ನು ಇನ್ನೊಂದು ಲಿಪಿಯಲ್ಲಿ ನಿಧಾನವಾಗಿ ಬರೆಯುತ್ತಿದ್ದ ದೃಶ್ಯ ನನ್ನ ಗಂಟಲು ಕಟ್ಟಿಸಿತು. ಹುಡುಗ ಓದಿದ. 'ಸರಿಸಬೇಕು' ಎಂಬಲ್ಲಿ ಎಡವಿದ. ಯಾರೂ ನಗಲಿಲ್ಲ. ಗ್ಯಾಲರಿಯ ಮೇಲಿನ ಸಾಲಿನಿಂದ ಯಾರೋ ಚಪ್ಪಾಳೆ ಹೊಡೆದರು.

ಕಾಸರಗೋಡಿನ ಕನ್ನಡದ ಬಗ್ಗೆ ನಾವು ಬರೆಯುವಾಗ ಸಾಮಾನ್ಯವಾಗಿ ಇತಿಹಾಸದಿಂದ ಹೊರಡುತ್ತೇವೆ. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿದ್ದದ್ದು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗದ ವರದಿ ಹೇಳಿತು, ಅದು ಜಾರಿಯಾಗಲಿಲ್ಲ. ಬದಿಯಡ್ಕದ ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನೂರು ವರ್ಷ ತುಂಬಿ ತೀರಿಕೊಳ್ಳುವ ತನಕವೂ ಆ ಆಸೆಯನ್ನು ಬಿಡಲಿಲ್ಲ. ಭಾವನ ತಂದೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ, ಮನೆ ಬದಲಿಸದೆಯೇ, ಕೇರಳದಲ್ಲಿ ತೀರಿಕೊಂಡರು. ಈ ನೋವು ಸುಳ್ಳಲ್ಲ, ಅದನ್ನು ಸಣ್ಣದು ಮಾಡುವ ಹಕ್ಕು ಬೆಂಗಳೂರಿನಲ್ಲಿ ಮನೆ ಮಾಡಿಕೊಂಡ ನನಗಂತೂ ಇಲ್ಲ. ಆದರೆ ಆ ರಾತ್ರಿ ನನಗೆ ಅನಿಸಿದ್ದು, ಸಭೆಯಲ್ಲಿ ಹೊಗಳಿಸಿಕೊಳ್ಳುವ ಕನ್ನಡಕ್ಕಿಂತ ಬೈಕ್ ಸರಿಸಲು ಹೇಳುವ ಕನ್ನಡ ಈ ನೆಲದಲ್ಲಿ ಹೆಚ್ಚು ಕಷ್ಟದಲ್ಲಿದೆ. ನಮ್ಮಿಬ್ಬರದೂ ಮನೆಮಾತು ತುಳು. ಕನ್ನಡ ನಮಗೆ ಬಂದದ್ದು ಶಾಲೆಯಿಂದ, ಪತ್ರಿಕೆಯಿಂದ, ಯಕ್ಷಗಾನದಿಂದ, ಮತ್ತು ಇಂಥ ಮೈಕುಗಳಿಂದ. ಹಾಗೆ ಬಂದ ಭಾಷೆ ಕಿವಿಗೆ ಬೀಳುವುದು ನಿಂತರೆ ಒಂದು ತಲೆಮಾರಿನಲ್ಲಿ ಹೋಗಿಬಿಡುತ್ತದೆ.

ಫೈನಲ್ ನಮ್ಮ ಊರಿನ ತಂಡಕ್ಕೂ ಉಪ್ಪಳದ ಕಡೆಯ ತಂಡಕ್ಕೂ. ನಮ್ಮ ಗೋಲ್‌ಕೀಪರ್ ಹತ್ತೊಂಬತ್ತರ ಹುಡುಗ, ಭಾವನ ಕೊನೆಯ ವರ್ಷಗಳ ಶಿಷ್ಯ. ಇವರು ಅವನಿಗೆ ಕಲಿಸಿದ ಮೊದಲ ಪಾಠ ಕೈಯದ್ದಲ್ಲ, ಬಾಯಿಯದ್ದು. ಚೆಂಡು ತನಗೆ ಸಿಗುತ್ತದೆ ಎಂದು ಖಾತ್ರಿಯಾದ ಕ್ಷಣ ಕೀಪರ್ 'ಬಿಡು!' ಎಂದು ಕೂಗಬೇಕು, ಆಗ ಮುಂದಿರುವ ಡಿಫೆಂಡರ್ ಕಾಲು ಹಿಂದೆಗೆಯುತ್ತಾನೆ. ಮಲಯಾಳಂನಲ್ಲಿ 'ವಿಡ್', ತುಳುವಿನಲ್ಲಿ 'ಬುಡ್ಲ', ಕನ್ನಡದಲ್ಲಿ 'ಬಿಡು'. ಮೂರೂ ಒಂದೇ ಬೇರಿನವು. ಆದರೆ ನಾಲ್ಕು ದಶಕಗಳಿಂದ ಈ ಊರಿನ ತಂಡದ ಕೀಪರುಗಳು ಕೂಗುವುದು ಕನ್ನಡದ 'ಬಿಡು'ವನ್ನು, ಏಕೆಂದರೆ ಅವರೆಲ್ಲರಿಗೂ ಕಲಿಸಿದವರು ಒಬ್ಬರೇ. ಮಲಯಾಳಂ ಮಾತ್ರ ಬಲ್ಲ ಡಿಫೆಂಡರ್‌ಗಳಿಗೂ ಅದು ಆಟದ ಶಬ್ದ, ಕಾರ್ನರ್, ಥ್ರೋ ಎಂಬ ಹಾಗೆ.

ಮೊದಲ ಅರ್ಧದ ಹತ್ತನೆಯ ನಿಮಿಷ. ಬಲಬದಿಯಿಂದ ಬಂದ ಚೆಂಡು ಅಷ್ಟೇನೂ ಅಪಾಯದ್ದಾಗಿರಲಿಲ್ಲ. ಹುಡುಗ ಮುಂದೆ ಬಂದ, ಡಿಫೆಂಡರ್ ಹಿಂದೆ ಸರಿದ, ಇಬ್ಬರೂ ಒಂದೇ ಚೆಂಡಿಗೆ ಹೋದರು. ಹುಡುಗನ ಬಾಯಿಯಿಂದ ಮಾತು ಹೊರಡಲಿಲ್ಲ. ಡಿಫೆಂಡರಿನ ಮೊಣಕಾಲು ಅವನ ಬೆರಳುಗಳಿಗೆ ಬಡಿಯಿತು, ಚೆಂಡು ಜಾರಿತು, ಉಪ್ಪಳದ ಹುಡುಗ ಖಾಲಿ ಗೋಲಿಗೆ ಅದನ್ನು ತಳ್ಳಿದ. ಮೀನಿನ ಬಲೆ ಉಬ್ಬಿತು.

ಗೋಲಿನ ಹಿಂದಿನಿಂದ ಭಾವ ಬಲೆಗೆ ಮುಖ ತಾಗುವಷ್ಟು ಹತ್ತಿರ ಹೋದರು. ಬೈಯಲಿಲ್ಲ. "ಬೆರಳು ತೋರಿಸು" ಎಂದರು. ಬಲೆಯ ಕಣ್ಣಿನ ಮೂಲಕ ಅವನ ನಡುಬೆರಳನ್ನು ಹಿಡಿದು ಮೆಲ್ಲನೆ ಮಡಚಿ ನೋಡಿದರು. ಆಮೇಲೆ, "ಮುರಿದಿಲ್ಲ. ಇನ್ನು ಕೂಗು. ಊರಿಗೆ ಕೇಳುವ ಹಾಗೆ ಕೂಗು" ಎಂದರು. ಉಳಿದ ಇಪ್ಪತ್ತು ನಿಮಿಷ ಅವನು ಕೂಗಿದ್ದನ್ನು ನಾನು ಎಣಿಸಿದೆ, ಏಳು ಸಲ. ಏಳು ಸಲವೂ ಡಿಫೆಂಡರ್ ಕಾಲು ಹಿಂದೆಗೆದ, ಏಳು ಸಲವೂ ಚೆಂಡು ಅವನ ಕೈಗೆ ಬಂತು. ಆದರೂ ನಮ್ಮವರು ಗೋಲು ಹೊಡೆಯಲಿಲ್ಲ. ಒಂದು ಗೋಲಿನಿಂದ ಸೋತೆವು.

ಅರ್ಧ ವಿರಾಮದಲ್ಲಿ ಚಿಕ್ಕ ಹುಡುಗರು ಬಕೆಟ್ ಹಿಡಿದು ಗ್ಯಾಲರಿ ಸುತ್ತಿದ್ದರು. ಪಂದ್ಯಾಟ ನಡೆದದ್ದೇ ಅದಕ್ಕೆ. ಊರಿನ ಒಬ್ಬ ಆಟೋ ಚಾಲಕನಿಗೆ ಮೂತ್ರಪಿಂಡದ ಚಿಕಿತ್ಸೆ, ವಾರಕ್ಕೆ ಎರಡು ಸಲ ಮಂಗಳೂರಿಗೆ ಹೋಗಬೇಕು. ಇಲ್ಲಿಯವರಿಗೆ ಕಷ್ಟ ಬಂದಾಗ ಕಾಲು ತಾನಾಗಿ ಮಂಗಳೂರಿನ ಕಡೆ ತಿರುಗುತ್ತದೆ. ರಾಜ್ಯ ಯಾವುದಾದರೂ ಆಸ್ಪತ್ರೆ ಅದು. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ ಕೊನೆಯಲ್ಲಿ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಅಲ್ಲಿಗೆ ತಲುಪಲಾಗದೆ ಜೀವ ಬಿಟ್ಟವರಿದ್ದಾರೆ. ಆ ದಿನಗಳಲ್ಲಿ ಭಾವ ಫೋನಿನಲ್ಲಿ ಮಾತಾಡುತ್ತಲೇ ಇರಲಿಲ್ಲ. ಅಕ್ಕ ಮಾತ್ರ ಎರಡು ಮಾತಾಡಿ ಇಡುತ್ತಿದ್ದಳು.

ಪಂದ್ಯ ಮುಗಿದ ಮೇಲೆ ಭಾವನ ಜಗಲಿಯಲ್ಲಿ ಚಾಪೆ ಹಾಸಿ ಹಣ ಎಣಿಸಿದೆವು. ಹತ್ತರ ನೋಟುಗಳು ಬೆವರಿಗೆ ಒದ್ದೆಯಾಗಿ ಒಂದಕ್ಕೊಂದು ಅಂಟಿದ್ದವು. ಒಂದು ನೋಟು ಹರಿದಿತ್ತು, ಇಚ್ಚ ಅದನ್ನು ತೆಗೆದು ತಮ್ಮ ಜೇಬಿನಿಂದ ಬೇರೊಂದು ಇಟ್ಟರು. ಯಾರೋ ಮಗುವಿನ ಬೆಳ್ಳಿಯ ಕಾಲ್ಗೆಜ್ಜೆಯೊಂದನ್ನು ಬಕೆಟ್ಟಿಗೆ ಹಾಕಿದ್ದರು. ಬಿದ್ದು ಹೋದದ್ದೋ ಕೊಟ್ಟದ್ದೋ ತಿಳಿಯದೆ ಮರುದಿನ ಶಾಲೆಯಲ್ಲೂ ಮಸೀದಿಯಲ್ಲೂ ದೇವಸ್ಥಾನದಲ್ಲೂ ಕೇಳುವುದೆಂದು ಬೇರೆ ಲಕೋಟೆಯಲ್ಲಿ ಎತ್ತಿಟ್ಟರು.

ಎಲ್ಲರೂ ಹೋದ ಮೇಲೆ ನಾವಿಬ್ಬರು ಜಗಲಿಯಲ್ಲೇ ಉಳಿದೆವು. ಮಾತು 2022ರ ಏಪ್ರಿಲ್ 28ಕ್ಕೆ ಹೋಯಿತು. ಅಂದು ಮಂಜೇರಿಯಲ್ಲಿ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾಟವಾದ ಸಂತೋಷ್ ಟ್ರೋಫಿಯ ಸೆಮಿಫೈನಲ್, ಕೇರಳಕ್ಕೂ ಕರ್ನಾಟಕಕ್ಕೂ. ಮೊದಲ ಗೋಲು ಕರ್ನಾಟಕದ್ದು. ಆಗ ಭಾವನಿಂದ ನನಗೆ ಫೋನು ಬಂದಿತ್ತು, ಮಾತಿಲ್ಲ, ಬರೇ ಉಸಿರು. ಆಮೇಲೆ ಬದಲಿ ಆಟಗಾರನಾಗಿ ಇಳಿದ ಜೆಸಿನ್ ಒಬ್ಬನೇ ಐದು ಗೋಲು ಹೊಡೆದ, ಕೇರಳ 7–3ರಿಂದ ಗೆದ್ದಿತು, ಮುಂದೆ ಬಂಗಾಳವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಟ್ರೋಫಿಯನ್ನೂ ಎತ್ತಿತು. ಅಂದು ರಾತ್ರಿ ನಾನು ಕೇಳಿದ್ದೆ: "ನೀವು ಯಾರ ಕಡೆ ಇದ್ದಿರಿ ಭಾವ?" ಅವರು ಹೇಳಿದ್ದರು: "ಹತ್ತು ಗೋಲು ಆಯಿತು. ಹತ್ತೂ ನಮ್ಮದೇ." ಅದು ಸಮಾಧಾನಕ್ಕೆ ಹೇಳಿದ ಮಾತು ಎಂದು ನಾನು ಆಗ ತಿಳಿದಿದ್ದೆ. ಮರುವರ್ಷ, 2023ರ ಮಾರ್ಚ್ 4ರಂದು, ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ಟ್ರೋಫಿ ಗೆದ್ದಾಗ, ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಐವತ್ನಾಲ್ಕು ವರ್ಷಗಳ ಮೇಲೆ ಬಂದ ಗೆಲುವು ಅದು, ಭಾವ ಆ ರಾತ್ರಿ ಊರಿನ ಕ್ಲಬ್ಬಿನಲ್ಲಿ ಎಲ್ಲರಿಗೂ ಚಹಾ ಕೊಡಿಸಿದ್ದರಂತೆ. ಕುಡಿದವರಲ್ಲಿ ಹೆಚ್ಚಿನವರು ಮಲಯಾಳಂ ಮಾತಿನವರು. ಯಾರೂ ಯಾಕೆಂದು ಕೇಳಲಿಲ್ಲ. ಈ ಊರಿನಲ್ಲಿ ಅದು ಕೇಳುವ ಪ್ರಶ್ನೆಯಲ್ಲ.

ಭಾನುವಾರ ಬೆಳಿಗ್ಗೆ ಶಾಲೆ. ಗೇಟಿನ ಬಳಿ ರಕ್ತದಾನದ ಶಿಬಿರ, ಪಕ್ಕದಲ್ಲಿ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರ ಪತ್ತಿರಿ ಎಂಬ ಅಕ್ಕಿರೊಟ್ಟಿ ಮತ್ತು ಕೋಳಿಸಾರಿನ ಅಂಗಡಿ. ಭಾಷಣಗಳು ಎಲ್ಲ ಕಡೆಯ ಭಾಷಣಗಳ ಹಾಗೆಯೇ ಇದ್ದವು. ನಾನು ಭಾವನ ಹಿಂದೆ ಹೋಗಿ ಒಂದನೆಯ ತರಗತಿಯ ಕೋಣೆ ನೋಡಿದೆ. ಮಲಯಾಳಂ ವಿಭಾಗದ ಕೋಣೆ ತುಂಬ ಬೆಂಚು. ಕನ್ನಡ ವಿಭಾಗದಲ್ಲಿ ಮಕ್ಕಳು ಎರಡು ಬೆಂಚು ತುಂಬುವಷ್ಟಿದ್ದಾರೆ, ಉಳಿದ ಬೆಂಚುಗಳನ್ನು ಗೋಡೆಗೆ ಒತ್ತಿ ಇಟ್ಟಿದ್ದಾರೆ. ಭಾವ ಆ ಖಾಲಿ ಬೆಂಚುಗಳ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಪ್ರತಿ ಸಲವೂ ಒರೆಸುತ್ತಾರೆ ಎಂದು ಈಗಿನ ಟೀಚರ್ ಹೇಳಿದರು.

ಕಾರಣ ಒಂದಲ್ಲ. ಇಂಗ್ಲಿಷ್ ಶಾಲೆಯ ವ್ಯಾನು ಮನೆ ಬಾಗಿಲಿಗೆ ಬರುತ್ತದೆ. ಕೆಲಸಕ್ಕೆ ಮಲಯಾಳಂ ಬೇಕು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ವಿಭಾಗಕ್ಕೆ ನೇಮಿಸಿದ್ದನ್ನು ವಿರೋಧಿಸಿ ಈ ಜಿಲ್ಲೆಯಲ್ಲಿ ಪೋಷಕರು ಮತ್ತೆ ಮತ್ತೆ ಪ್ರತಿಭಟನೆ ಮಾಡಬೇಕಾಗಿ ಬಂದಿದೆ. ಪಾಠವೇ ಅರ್ಥವಾಗದ ಕಡೆಗೆ ಮಗುವನ್ನು ಯಾವ ತಾಯಿ ಕಳುಹಿಸುತ್ತಾಳೆ? ಇದು ನ್ಯಾಯವಲ್ಲ, ಮತ್ತು ಇದನ್ನು ಹೇಳುವಾಗ ನಾನು ದನಿ ತಗ್ಗಿಸುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಬೆಳೆದ ನನ್ನ ಮಗಳೂ ಕನ್ನಡ ಮಾಧ್ಯಮದಲ್ಲಿ ಓದಿದವಳಲ್ಲ. ಭಾವ ಈ ಮಾತನ್ನು ನನಗೆ ಒಮ್ಮೆಯೂ ಎತ್ತಿ ಆಡಿದವರಲ್ಲ. ಆ ಕೋಣೆಯಲ್ಲಿ ನಿಂತಾಗ ಅದು ನನಗೆ ಹೆಚ್ಚು ಭಾರವಾಯಿತು.

ಮಧ್ಯಾಹ್ನ ತಾಳಮದ್ದಳೆ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ಆಡುವ ಯಕ್ಷಗಾನ. ಮದ್ದಳೆಗೆ ಕೂರಬೇಕಾಗಿದ್ದವನು ನಿನ್ನೆಯ ಗೋಲ್‌ಕೀಪರ್. ನಡುಬೆರಳು ಊದಿಕೊಂಡು ಬಿಳಿಯ ಪಟ್ಟಿ ಸುತ್ತಿತ್ತು. ಭಾಗವತರು ಅದನ್ನು ನೋಡಿ ಏನೂ ಹೇಳದೆ ಚಕ್ರತಾಳವನ್ನು ಅವನ ಕೈಗಿತ್ತರು. ಮದ್ದಳೆಯನ್ನು ಇನ್ನೊಬ್ಬರು ನುಡಿಸಿದರು. ಅರ್ಥಧಾರಿಗಳ ವಾದ ಏರುತ್ತಿದ್ದ ಹಾಗೆ ಹುಡುಗ ಬಾಯಿ ಸ್ವಲ್ಪ ತೆರೆದು ಅವರನ್ನೇ ನೋಡುತ್ತಿದ್ದ, ತಾಳ ಒಮ್ಮೆಯೂ ತಪ್ಪಲಿಲ್ಲ. ಹಿಂದಿನ ಸಾಲಿನಲ್ಲಿ ನಿನ್ನೆಯ ಮೈಕಿನ ಹುಡುಗ ಬಂದು ಕುಳಿತಿದ್ದ. ಗೆಳೆಯನನ್ನು ಕರೆದೊಯ್ಯಲು ಬಂದವನು ಎಂದುಕೊಂಡೆ, ಆದರೆ ಅವನು ಮಂಗಳ ಹಾಡುವ ತನಕ ಎದ್ದು ಹೋಗಲಿಲ್ಲ. ಕಾಲ್ಗೆಜ್ಜೆಯ ಬಗ್ಗೆ ಎರಡು ಭಾಷೆಯಲ್ಲಿ ಕೇಳಿದರು. ಯಾರೂ ಬರಲಿಲ್ಲ.

ಸಂಜೆ ನಾಲ್ಕಕ್ಕೆ ಮತ್ತೆ ಗದ್ದೆಗೆ ಇಳಿದೆವು. ನನ್ನ ಬಸ್ಸು ರಾತ್ರಿಗೆ. ಇಚ್ಚ ನಿನ್ನೆ ಅಷ್ಟು ಹೊತ್ತು ಬಿಗಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಕತ್ತರಿಸುವುದಿಲ್ಲ, ಹಗ್ಗ ಮುಂದಿನ ವರ್ಷಕ್ಕೆ ಬೇಕು. ಒಣಗಿದ ಗಂಟಿಗೆ ನೀರು ಚಿಮುಕಿಸಿ, ಕೊಡತಿಯ ಹಿಂಬದಿಯಿಂದ ತಟ್ಟಿ, ಸಡಿಲವಾಗುವ ತನಕ ಕಾಯುತ್ತಿದ್ದರು. ಅಡಿಕೆ ಮರಗಳು ಕೊಟ್ಟವರ ಮನೆಗೆ ಪಿಕಪ್ಪಿನಲ್ಲಿ ಹೊರಟವು. ಇನ್ನು ಹುಣಿ. ಗದ್ದೆಯ ಮೂವರು ಯಜಮಾನರೂ ಬಂದಿದ್ದರು. ಹವ್ಯಕರ ಮನೆಯ ಅಣ್ಣನಿಗೆ ಆದಷ್ಟು ಬೇಗ ಸೌತೆ ಬೀಜ ಹಾಕುವುದಿತ್ತು. ಹುಣಿ ಹಿಂದೆ ಎಲ್ಲಿ ಹಾದಿತ್ತು ಎಂಬುದಕ್ಕೆ ಎರಡು ಕೊನೆಗಳಲ್ಲಿ ಹೂತ ಕಲ್ಲುಗಳಿವೆ. ಭಾವ ಒಂದು ಕಲ್ಲಿನ ಬಳಿ, ನಾನು ಇನ್ನೊಂದರ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಹಗ್ಗ ಹಿಡಿದೆವು. ಹಗ್ಗ ನೆಲಕ್ಕೆ ತಾಗಿದಾಗ ನಿನ್ನೆಯ ಸುಣ್ಣದ ಗೆರೆಯನ್ನು ಓರೆಯಾಗಿ ದಾಟಿತು.

ಅಷ್ಟರಲ್ಲಿ ಆರೇಳು ಮಕ್ಕಳು ತೋಟದ ಕಡೆಯಿಂದ ಓಡಿ ಬಂದರು. ಬೆಳಿಗ್ಗೆ ಶಾಲೆಯಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಂಡಿದ್ದವರು, ಇನ್ನೂ ಪೂರ್ತಿ ತೊಳೆದಿರಲಿಲ್ಲ. ಬಲೆ ಬಿಚ್ಚಿದ ಗೋಲುಕಂಬದ ನಡುವೆ ಒಬ್ಬ ನಿಂತ, ಉಳಿದವರು ಗಾಳಿ ಕಡಿಮೆಯಾದ ಚೆಂಡೊಂದನ್ನು ಒದೆಯಲು ಸುರು ಮಾಡಿದರು. ನಾವು ಹಿಡಿದಿದ್ದ ಹಗ್ಗದ ಮೇಲೆಯೇ ಹಾರಿ ಹಾರಿ ಓಡುತ್ತಿದ್ದರು. ಹವ್ಯಕರ ಮನೆಯ ಅಣ್ಣ ಸ್ವಲ್ಪ ಹೊತ್ತು ನೋಡಿದರು. ಹಾರೆಯನ್ನು ಮಣ್ಣಿನ ರಾಶಿಗೆ ಊರಿ, "ಬೀಜ ನಾಳೆ ಹಾಕಿದರೂ ಆದೀತು ಮಾಸ್ಟ್ರೇ" ಎಂದರು.

ಭಾವ ಹಗ್ಗ ಸುತ್ತಿಕೊಂಡರು. ಗೋಲಿನಲ್ಲಿದ್ದ ಪುಟ್ಟ ಹುಡುಗ ಚೆಂಡಿಗೆ ಓಡಿ ಬಂದು ಇನ್ನೊಬ್ಬನಿಗೆ ಡಿಕ್ಕಿ ಹೊಡೆದು ಬಿದ್ದ. ಭಾವ ಹಗ್ಗವನ್ನು ನನ್ನ ಕೈಗೆ ಕೊಟ್ಟು, ಪ್ಯಾಂಟು ಮಡಚುತ್ತಾ, ಗೋಲಿನ ಕಡೆ ನಡೆದರು.